ಖಣಿ ತೆರೆಯುವ ದಿನವೇ ಮುಚ್ಚುವ ಮಾತು



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಯಲ್ಲಿ ಜೀವಮಾನವಿಡೀ ದುಡಿದ ತಂದೆಯೊಬ್ಬರ ಮಕ್ಕಳು. ಹಾರೆ, ಛೇಣಿ, ಸುತ್ತಿಗೆ ಹಿಡಿದ ಕೈಯ ನೆನಪಿಗೆ ಉಪನ್ಯಾಸ ಏರ್ಪಡುವುದು ನಮ್ಮ ಕಡೆ ಅಪರೂಪ. "ಅಪ್ಪನ್ನ ಹೊಗಳಬ್ಯಾಡ್ರಿ ಸರ್, ಅಪ್ಪ ತೆಗೆದ ಕಲ್ಲಿನ ಬಗ್ಗೆ ಮಾತಾಡ್ರಿ" ಎಂದು ಅವರು ನನಗೆ ಹೇಳಿದರು. ನಾನು ಭೂವಿಜ್ಞಾನ ಓದಿ, ಮೂವತ್ತು ವರ್ಷ ಖಣಿಗಳನ್ನು ಅಳೆಯುತ್ತ ಬದುಕಿದವನು. ಕಲ್ಲಿನ ಬಗ್ಗೆ ಇವತ್ತು ಸ್ವಲ್ಪ ಮಾತಾಡುತ್ತೇನೆ. ಕಲ್ಲು ಹೋದ ಮೇಲೆ ಉಳಿಯುವ ಗುಂಡಿ, ಒಡಕಲು, ಕೆಸರು, ಇವುಗಳ ಬಗ್ಗೆ ಹೆಚ್ಚು ಮಾತಾಡುತ್ತೇನೆ.

ಮೊದಲು ಹಗೇವಿನ, ಅಂದರೆ ಕಾಳು ಕೂಡಿಡುವ ನೆಲದ ಗುಂಡಿಯ ಮಾತು. ಇಲ್ಲಿ ಕೂತ ಹಿರಿಯರಲ್ಲಿ ಅನೇಕರು ಹಗೇವಿನಿಂದ ಜೋಳ ತೆಗೆದದ್ದನ್ನು ಕಣ್ಣಾರೆ ನೋಡಿದ್ದೀರಿ. ಹಗೇವು ತೋಡುವ ಮುಂಚೆ ನಮ್ಮ ಅಜ್ಜಂದಿರು ಜಾಗ ಎತ್ತರವಿದೆಯೇ, ಮಳೆನೀರು ಯಾವ ಕಡೆಯಿಂದ ಹರಿದು ಬರುತ್ತದೆ ಎಂದು ನೋಡುತ್ತಿದ್ದರು. ಬಾಯಿ ಮುಚ್ಚಲು ಯಾವ ಚಪ್ಪಡಿ ಸರಿಹೊಂದುತ್ತದೆ ಎನ್ನುವುದೂ ಆಗಲೇ ತೀರ್ಮಾನವಾಗುತ್ತಿತ್ತು. ಮುಚ್ಚುವ ಕಲ್ಲು ಸಿಗದೆ ಹಗೇವಿಗೆ ಗುದ್ದಲಿ ಹಾಕಿದ ರೈತನನ್ನು ನಾನು ಕಂಡಿಲ್ಲ. ಅದೇ ಮಣ್ಣಿನಲ್ಲಿ, ಅದೇ ಜನ, ಸಾವಿರ ಪಟ್ಟು ದೊಡ್ಡ ಗುಂಡಿಗಳನ್ನು ತೋಡಿದೆವು. ಅವುಗಳಲ್ಲಿ ಬಹಳಷ್ಟಕ್ಕೆ ಮುಚ್ಚುವ ಯೋಚನೆಯೇ ಇರಲಿಲ್ಲ.

ನಮ್ಮ ಕಲಬುರಗಿ ಸೀಮೆಯ ಕಾಲಡಿಯ ಕಲ್ಲು ಭೀಮಾ ಶಿಲಾಸ್ತರದ ಸುಣ್ಣಗಲ್ಲು. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿದ್ದ ಆಳವಿಲ್ಲದ ಸಮುದ್ರದ ತಳದಲ್ಲಿ ತೆಳುತೆಳುವಾಗಿ ಕೂತ ಸುಣ್ಣದ ಕೆಸರು ಅದು. ಪದರಪದರವಾಗಿ ಕೂತದ್ದರಿಂದಲೇ ಛೇಣಿ ಇಟ್ಟರೆ ಪದರಪದರವಾಗಿ ಏಳುತ್ತದೆ. ಹಾಗಾಗಿಯೇ ಅದು ಪರಸಿಯಾಯಿತು. ಅದರ ಮೇಲೆ ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖಣದ ಲಾವಾ ಹರಿದು ಬಂತು. ಆ ಲಾವಾ ಕೊಳೆತು ನಮ್ಮ ಎರೆ ಮಣ್ಣಾಯಿತು. ಕೆಳಗೆ ಸುಣ್ಣಗಲ್ಲು, ಮೇಲೆ ಎರೆ, ಎರೆಯಲ್ಲಿ ತೊಗರಿ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿಯ ತೊಗರಿ ಬೇಳೆಯ ರುಚಿಗೆ ಈ ನೆಲದ ಸುಣ್ಣದ ಅಂಶವನ್ನೂ ಕಾರಣವಾಗಿ ಹೇಳುತ್ತಾರೆ. ನಮಗೆ ಅನ್ನ ಕೊಡುವ ಪದರ ಒಂದು, ಕೂಲಿ ಕೊಡುವ ಪದರ ಇನ್ನೊಂದು. ಒಂದನ್ನು ಸರಿಸದೆ ಇನ್ನೊಂದನ್ನು ಮುಟ್ಟಲಾಗದು. ನಮ್ಮ ಇಡೀ ಸಮಸ್ಯೆ ಹುಟ್ಟುವುದು ಇಲ್ಲಿ.

ಈ ಕಲ್ಲನ್ನು ಮನುಷ್ಯ ಮುಟ್ಟಿದ್ದು ನಿನ್ನೆ ಮೊನ್ನೆ ಏನಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಪಕ್ಕ, ಭೀಮೆಯ ದಂಡೆಯ ಕನಗನಹಳ್ಳಿಯಲ್ಲಿ ಎರಡು ಸಾವಿರ ವರ್ಷಗಳ ಹಿಂದಿನ ಬೌದ್ಧ ಸ್ತೂಪದ ಶಿಲ್ಪಫಲಕಗಳು ಈ ಸೀಮೆಯ ಸುಣ್ಣಗಲ್ಲಿನವೇ. ಅವುಗಳಲ್ಲಿ ಒಂದರ ಮೇಲೆ ರಾಣಿಯೊಡನೆ ನಿಂತ ಅರಸನ ಚಿತ್ರ, ಅದರ ಜೊತೆಗೆ ಬ್ರಾಹ್ಮಿಯಲ್ಲಿ 'ರಾಯ ಅಸೋಕ' ಎಂಬ ಬರಹ ಇದೆ. ಕಾಗಿಣಾ ಹೊಳೆಯ ದಂಡೆಯ ಮಳಖೇಡದಲ್ಲಿ ಅಮೋಘವರ್ಷ ನೃಪತುಂಗ ಆಳಿದ. ಅಲ್ಲಿಯವರೆಗೂ, ಅದಾದ ಸಾವಿರ ವರ್ಷದವರೆಗೂ, ಕಲ್ಲು ತೆಗೆದದ್ದು ಎತ್ತಿನ ಬಂಡಿ ಹೊರುವಷ್ಟು. ರೈಲು ಬಂದ ಮೇಲೆ ಲೆಕ್ಕ ಬದಲಾಯಿತು. 1871ರಲ್ಲಿ ಮುಂಬಯಿ ಕಡೆಯ ಹಳಿ ಶಹಾಬಾದ, ವಾಡಿ ದಾಟಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಓಡಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ ಎಲ್ಲ ಆ ಹಳಿಯ ಮೇಲಿನ ನಿಲ್ದಾಣಗಳು. ಕಲ್ಲು ರೈಲು ಹತ್ತಿದ ಸ್ಟೇಷನ್ನಿನ ಹೆಸರೇ ಕಲ್ಲಿನ ಹೆಸರಾಗಿ ಶಹಾಬಾದಿ ಕಲ್ಲು ದೇಶದ ಅಂಗಳಗಳನ್ನು ಸೇರಿತು. ಆಮೇಲೆ ಸಿಮೆಂಟಿನ ಕಾಲ. 1936ರಲ್ಲಿ ಹಲವು ಕಂಪನಿಗಳು ಒಂದಾಗಿ ಎ.ಸಿ.ಸಿ. ಆದಾಗ ಶಹಾಬಾದದ ಕಂಪನಿಯೂ ಅದರಲ್ಲಿ ಸೇರಿತ್ತು. 1968ರಲ್ಲಿ ವಾಡಿಯ ಕಾರ್ಖಾನೆ. ಬಳಿಕ ಮಳಖೇಡ, ಸೇಡಂ, ಕೋಡ್ಲಾ, ಇಟಗಾ, ಚಿಂಚೋಳಿ ಕಡೆಯ ಛತ್ರಸಾಲ. ಕಾಗಿಣೆಯ ಎರಡೂ ದಂಡೆಗೆ ಸಿಮೆಂಟಿನ ಗೂಡುಗಳು ಬಂದವು.

ನಮ್ಮ ಖಣಿಗಳಲ್ಲಿ ಏನು ಉಳಿಯುತ್ತದೆ ಎಂದು ನೋಡುವ ಮುಂಚೆ, ಲೋಹದ ಗಣಿಗಳಲ್ಲಿ ಉಳಿಯುವ ಟೇಲಿಂಗ್ಸ್ ಎಂಬ ಪದಕ್ಕೆ ಬರೋಣ. ಅದಿರನ್ನು ಹಿಟ್ಟಿನಂತೆ ಅರೆದು, ನೀರಲ್ಲಿ ತೊಳೆದು, ಬೇಕಾದ ಲೋಹ ತೆಗೆದುಕೊಂಡ ಮೇಲೆ ಉಳಿಯುವ ನುಣುಪು ಕೆಸರು ಅದು. ಕಲ್ಲಿನ ರಾಶಿಯಲ್ಲಿ ನೀರು ಸಂದಿನಿಂದ ಇಳಿದುಹೋಗುತ್ತದೆ. ಈ ಕೆಸರಿನಲ್ಲಿ ನೀರು ವರ್ಷಗಟ್ಟಲೆ ಕೂತೇ ಇರುತ್ತದೆ. ಮಳೆ ನಿಂತ ನಾಲ್ಕನೆಯ ದಿನ ಎರೆ ಹೊಲಕ್ಕೆ ಇಳಿದವರಿಗೆ ಇದು ಗೊತ್ತು. ಮೇಲೆ ಒಣಗಿ ಬಿರಿದ ಹೆಪ್ಪು, ಕಾಲಿಟ್ಟರೆ ಮೊಣಕಾಲವರೆಗೆ ಕೆಸರು. ಅಂಥ ನೆಲವನ್ನು ಒಡ್ಡು ಕಟ್ಟಿ ನೂರು ಅಡಿ ಎತ್ತರಕ್ಕೆ ನಿಲ್ಲಿಸಿದರೆ ಏನಾಗಬಹುದು ಎನ್ನುವುದನ್ನು 2019ರ ಜನವರಿ 25ರಂದು ಬ್ರೆಜಿಲ್ ದೇಶದ ಬ್ರುಮಾಡಿನ್ಯೊ ಜಗತ್ತಿಗೆ ತೋರಿಸಿತು. ಬಳಕೆ ನಿಲ್ಲಿಸಿ ಕೆಲವು ವರ್ಷವಾಗಿದ್ದ ಕಬ್ಬಿಣದ ಗಣಿಯ ಕೆಸರು ಕಟ್ಟೆಯೊಂದು ಮಧ್ಯಾಹ್ನ ಊಟದ ಹೊತ್ತಿಗೆ ಕುಸಿಯಿತು. ಕೆಳಗೇ ಇದ್ದ ಕಾರ್ಮಿಕರ ಊಟದ ಮನೆಯನ್ನು ಕೆಸರು ನುಂಗಿತು. ಸತ್ತವರು 270 ಮಂದಿ. ಅದರ ಬೆನ್ನಿಗೇ, 2020ರ ಆಗಸ್ಟಿನಲ್ಲಿ, ವಿಶ್ವಸಂಸ್ಥೆಯ ಪರಿಸರ ವಿಭಾಗ, ಗಣಿ ಕಂಪನಿಗಳ ಒಕ್ಕೂಟ ಮತ್ತು ಹೂಡಿಕೆದಾರರ ಬಳಗ ಸೇರಿ ಟೇಲಿಂಗ್ಸ್ ನಿರ್ವಹಣೆಗೆ ಜಾಗತಿಕ ಮಾನದಂಡ ಹೊರಡಿಸಿದವು. ಅದರಲ್ಲಿ 15 ತತ್ವಗಳು, 77 ಷರತ್ತುಗಳಿವೆ. ನಾನು ಅದನ್ನು ಓದಿದಾಗ ಮನಸ್ಸಿಗೆ ನಾಟಿದ್ದು ಒಂದು. ಕಟ್ಟೆಯ ನಕ್ಷೆ ಬರೆಯುವಾಗಲೇ ಅದನ್ನು ಹೇಗೆ ಮುಚ್ಚುತ್ತೀರಿ, ಮುಚ್ಚಿದ ಮೇಲೆ ಯಾರು ಕಾಯುತ್ತಾರೆ ಎಂದು ಬರೆದಿರಬೇಕು.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. ಕುದುರೆಮುಖದಲ್ಲಿ ವರ್ಷಕ್ಕೆ 6,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕಾಡಿನ ನಡುವೆ, ಲಕ್ಯಾ ಹಳ್ಳಕ್ಕೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿ ಕಬ್ಬಿಣದ ಅದಿರಿನ ಕೆಸರು ತುಂಬಿದರು. 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟು, 2005ರ ಕೊನೆಗೆ ಗಣಿ ನಿಂತಿತು. ಕೆಸರು ಅಲ್ಲೇ ಇದೆ, ಅಣೆಕಟ್ಟನ್ನು ಕಾಯುವ ಕೆಲಸವೂ ಇದೆ. ಕೋಲಾರ ಚಿನ್ನದ ಗಣಿ 2001ರಲ್ಲಿ ಬಾಗಿಲು ಹಾಕಿತು. 13 ಸೈನೈಡ್ ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಪುಡಿ ಉಳಿಯಿತು. ಗಾಳಿಗಾಲದಲ್ಲಿ ಆ ಪುಡಿ ಯಾರ ಮನೆಯ ಮೇಲೆ ಕೂರುತ್ತದೆ ಎಂದು ಕೆ.ಜಿ.ಎಫ್. ಕಾಲೊನಿಯ ಯಾವ ತಾಯಿಯನ್ನು ಕೇಳಿದರೂ ಹೇಳುತ್ತಾಳೆ. ನಮ್ಮದೇ ಭೀಮಾ ಶಿಲಾಸ್ತರದ ದಕ್ಷಿಣದ ಅಂಚಿನಲ್ಲಿ, ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಪತ್ತೆಯಾಗಿದೆ, ಜನ ವಿರೋಧಿಸಿದ್ದಾರೆ. ಅಲ್ಲಿ ಮುಂದೆ ಎಂದಾದರೂ ಗಣಿ ನಡೆದರೆ, ಟೇಲಿಂಗ್ಸ್ ಎಂಬ ಪದವನ್ನು ನಾವು ನಿಜವಾದ ಅರ್ಥದಲ್ಲಿ ಕಲಿಯಬೇಕಾಗುತ್ತದೆ.

ನಮ್ಮ ಸೀಮೆಯಲ್ಲಿ ಅಂಥ ಕೆಸರು ಕಟ್ಟೆ ಇಲ್ಲ. ಸುಣ್ಣಗಲ್ಲನ್ನು ತೊಳೆದು ಲೋಹ ತೆಗೆಯುವುದಿಲ್ಲವಲ್ಲ. ಹಾಗಾದರೆ ನಮಗೇನು ಚಿಂತೆ ಎನ್ನಬೇಡಿ. 1966ರ ಅಕ್ಟೋಬರ್ 21ರ ಬೆಳಿಗ್ಗೆ ವೇಲ್ಸ್ ದೇಶದ ಅಬರ್‌ಫ್ಯಾನ್ ಎಂಬ ಹಳ್ಳಿಯಲ್ಲಿ ಶಾಲೆಯ ಮೇಲೆ ಜಾರಿ ಬಿದ್ದದ್ದು ಕೆಸರು ಕಟ್ಟೆಯಲ್ಲ, ಕಲ್ಲಿದ್ದಲ ಗಣಿಯ ಬೇಡದ ಮಣ್ಣು ಕಲ್ಲಿನ ರಾಶಿ. 116 ಮಕ್ಕಳು, 28 ದೊಡ್ಡವರು ಸತ್ತರು. ನೀರಿನ ಒರತೆಯ ಮೇಲೆ ರಾಶಿ ಸುರಿದಿದ್ದರು, ಅದೊಂದೇ ತಪ್ಪು ಸಾಕಾಯಿತು. ನಮ್ಮ ನೆಲ ಸಪಾಟು, ಅಷ್ಟು ಎತ್ತರದ ರಾಶಿಗಳೂ ನಮ್ಮಲ್ಲಿಲ್ಲ, ಅಂಥ ದುರಂತದ ಭಯವನ್ನು ನಾನು ಹುಟ್ಟಿಸುತ್ತಿಲ್ಲ. ರಾಶಿ ಹಾಕುವ ಮುಂಚೆ ನೀರನ್ನು ಕೇಳಬೇಕು ಎಂಬ ಪಾಠ ಮಾತ್ರ ಬೆಟ್ಟಕ್ಕೂ ಬಯಲಿಗೂ ಒಂದೇ.

ನಮ್ಮಲ್ಲಿ ಉಳಿಯುವುದು ಏನು? ಖಣಿಯ ಮೇಲಿನಿಂದ ಸರಿಸಿದ ಎರೆ ಮಣ್ಣು. ಪರಸಿ ಆಗದ ಒಡಕಲು ಕಲ್ಲು. ಪಾಲಿಶ್ ಯಂತ್ರದಡಿಯಿಂದ ಹರಿಯುವ ಸುಣ್ಣದ ಕೆಸರು. ಇವೆಲ್ಲಕ್ಕಿಂತ ದೊಡ್ಡದು, ಗುಂಡಿ. ಈ ಗುಂಡಿಗಳಲ್ಲಿ ಎರಡು ಜಾತಿ. ಇವೆರಡನ್ನು ಬೇರೆ ಮಾಡಿ ನೋಡದಿರುವುದೇ ನಮ್ಮ ಯೋಜನೆಗಳ ದೊಡ್ಡ ಕುಂದು ಎಂದು ನನ್ನ ಅಭಿಪ್ರಾಯ.

ಸಿಮೆಂಟಿನ ಖಣಿಯನ್ನು ನೋಡಿ. ಒಂದು ಟನ್ ಕ್ಲಿಂಕರಿಗೆ, ಅಂದರೆ ಗೂಡಿನಲ್ಲಿ ಸುಟ್ಟ ಸಿಮೆಂಟಿನ ಗಟ್ಟಿಗೆ, ಸುಮಾರು ಒಂದೂವರೆ ಟನ್ ಸುಣ್ಣಗಲ್ಲು ಬೇಕು. ತೆಗೆದ ಕಲ್ಲು ಹೆಚ್ಚುಕಡಿಮೆ ಎಲ್ಲವೂ ಗೂಡಿಗೆ ಹೋಗುತ್ತದೆ. ಮೇಲಿನ ಮಣ್ಣು, ನಡುವಿನ ಬೇಡದ ಪದರ ಬಿಟ್ಟರೆ ಗುಂಡಿ ತುಂಬಲು ಏನೂ ಉಳಿಯುವುದಿಲ್ಲ. ಆ ಗುಂಡಿಯನ್ನು ಮುಚ್ಚುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಕೆರೆಯಾಗಿಯೇ ಉಳಿಯಬೇಕು. ಕೆರೆಯಾಗುವುದಾದರೆ ಕೆರೆಯಂತೆಯೇ ಅಗೆಯಬೇಕು. ಕೊನೆಯ ಗೋಡೆಗಳು ನೆಟ್ಟಗೆ ನಿಲ್ಲದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಒಂದು ಕಡೆಯಾದರೂ ದನ ಇಳಿದು ಏರುವ ಇಳಿಜಾರು ಬೇಕು. ಹೆಚ್ಚಾದ ನೀರು ಹೊರಬೀಳುವ ಕೋಡಿ ಯಾವ ಹಳ್ಳಕ್ಕೆ ಎಂದು ಮೊದಲೇ ಗುರುತಾಗಬೇಕು. ಎರೆ ಮಣ್ಣಿನ ಅಂಚು ಮಳೆಗೆ ಕುಸಿಯುತ್ತದೆ. ಅದಕ್ಕೇ 1961ರ ಗಣಿ ನಿಯಮಾವಳಿ ಮೆತ್ತನೆಯ ಮಣ್ಣಿನ ಮೆಟ್ಟಿಲು ಒಂದೂವರೆ ಮೀಟರಿಗಿಂತ ಎತ್ತರವಿರಬಾರದು, ಇಲ್ಲವೇ 45 ಡಿಗ್ರಿಗಿಂತ ಕಡಿದಾಗಿರಬಾರದು ಎನ್ನುತ್ತದೆ. ಗುಂಡಿಯ ಅಂಚಿನಿಂದ ಮೂರು ಮೀಟರ್ ಒಳಗೆ ಸಡಿಲ ಕಲ್ಲು ಇರಬಾರದು ಎಂದೂ ಹೇಳುತ್ತದೆ. ಕಲ್ಲು ಮುಗಿದ ವರ್ಷ ಇವನ್ನೆಲ್ಲ ಮಾಡಲು ಹೊರಟರೆ ಆಗದು. ಗೋಡೆ ಕಡಿದದ್ದು ಕಡಿದದ್ದೇ. ಮತ್ತೆ ಇಳಿಜಾರು ಮಾಡಬೇಕೆಂದರೆ ಪಕ್ಕದವರ ಹೊಲ ಕೇಳಬೇಕಾಗುತ್ತದೆ.

ಪರಸಿಯ ಖಣಿ ಇದಕ್ಕೆ ತದ್ವಿರುದ್ಧ. ಅಲ್ಲಿ ಮಾರಾಟಕ್ಕೆ ಹೋಗುವುದು ಸಪಾಟಾಗಿ ಎದ್ದ ಚಪ್ಪಡಿ ಮಾತ್ರ. ಮುರಿದದ್ದು, ಸೀಳಿದ್ದು, ಮೂಲೆ ಹಾರಿದ್ದು ಎಲ್ಲ ಒಡಕಲು. ಒಂದು ಉದಾಹರಣೆಯ ಲೆಕ್ಕ ಹಾಕೋಣ. ಹತ್ತು ಘನ ಮೀಟರ್ ಬಂಡೆ ತೆಗೆದಿರಿ, ನಾಲ್ಕು ಘನ ಮೀಟರ್ ಪರಸಿಯಾಗಿ ಲಾರಿ ಹತ್ತಿತು ಎನ್ನಿ. ಉಳಿದದ್ದು ಆರು. ಆದರೆ ಒಡೆದ ಕಲ್ಲು ಬಂಡೆಯಷ್ಟೇ ಜಾಗದಲ್ಲಿ ಕೂರುವುದಿಲ್ಲ, ಸಂದುಗಳಿಂದಾಗಿ ನೂರಕ್ಕೆ ಮೂವತ್ತು ನಲವತ್ತು ಪಾಲು ಉಬ್ಬುತ್ತದೆ. ಆರು ಇದ್ದದ್ದು ಎಂಟು, ಎಂಟೂವರೆಯ ಹತ್ತಿರ ಬರುತ್ತದೆ. ಮೇಲಿನ ಮಣ್ಣು ಹಾಗೆಯೇ ಇದೆ. ಹತ್ತರ ಗುಂಡಿಗೆ ಎಂಟೂವರೆ ಕಲ್ಲು, ಅದರ ಮೇಲೆ ಅದರದೇ ಎರೆ. ಅಂದರೆ ಪರಸಿಯ ಖಣಿ ತನ್ನ ಕಸದಿಂದಲೇ ತನ್ನ ಬಾಯಿ ಮುಚ್ಚಿಕೊಳ್ಳಬಲ್ಲದು! ಪ್ರತಿ ಖಣಿಯಲ್ಲೂ ಇದೇ ಅಂಕಿ ಬರುವುದಿಲ್ಲ, ಕಲ್ಲಿನ ಗುಣದ ಮೇಲೆ ಹೆಚ್ಚುಕಡಿಮೆ ಆಗುತ್ತದೆ. ಆದರೂ ಇಷ್ಟು ಕಲ್ಲು ಗುಂಡಿಯ ಪಕ್ಕದಲ್ಲೇ ಬಿದ್ದಿರುವಾಗ ಗುಂಡಿ ಏಕೆ ಬಾಯಿ ತೆರೆದೇ ಇದೆ?

ಈ ಪ್ರಶ್ನೆಯನ್ನು ನಾನು ಶಹಾಬಾದದ ಹತ್ತಿರ ಒಬ್ಬ ಹಿರಿಯ ಕಲ್ಲಿನ ಕೆಲಸಗಾರರಿಗೆ ಕೇಳಿದ್ದೆ. "ಕಾಕಾ, ಖಣಿ ಮುಚ್ಚೂದು ಅಂದ್ರ ನಿಮಗೇನ್ರಿ?" ಎಂದೆ. ಅವರು ನನ್ನನ್ನೇ ನೋಡಿ, "ಮುಚ್ಚೂದು ಅಂದ್ರ ಏನ್ ಸಾಹೇಬ್ರ? ಕಲ್ಲು ಮುಗೀತು, ನಾವು ಎದ್ದು ಬಂದ್ವಿ" ಎಂದರು. ಬಳಿಕ ಬೀಡಿ ಹಚ್ಚಿ ತಾವೇ ಉತ್ತರ ಹೇಳಿದರು. "ಒಂದ್ಸಲ ಮ್ಯಾಲ ಹೊತ್ತು ಹಾಕಿದ ಕಲ್ಲ ಮತ್ತ ಕೆಳಗ ಹೊತ್ತು ಹಾಕಾಕ ಕೂಲಿ ಯಾರ್ ಕೊಡ್ತಾರ?"

ಎಂಜಿನಿಯರಿಂಗ್ ಪುಸ್ತಕದಲ್ಲಿ ಒಂದು ಅಧ್ಯಾಯ ಹಿಡಿಯುವ ವಿಷಯವನ್ನು ಅವರು ಒಂದು ವಾಕ್ಯದಲ್ಲಿ ಹೇಳಿದರು. ಎರಡು ಸಲ ಹೊರುವ ಕಲ್ಲಿಗೆ ಯಾರೂ ಕೂಲಿ ಕೊಡುವುದಿಲ್ಲ. ಹಾಗಾದರೆ ಒಂದೇ ಸಲ ಹೊರುವಂತೆ ಖಣಿಯನ್ನು ನಡೆಸಬೇಕು. ನೆಲವನ್ನು ಪಟ್ಟಿ ಪಟ್ಟಿಯಾಗಿ ಅಗೆಯುವುದು. ಮೊದಲ ಪಟ್ಟಿಯ ಒಡಕಲು ಮಾತ್ರ ಹೊರಗೆ. ಎರಡನೆಯ ಪಟ್ಟಿಯ ಒಡಕಲು ನೇರವಾಗಿ ಮೊದಲನೆಯ ಗುಂಡಿಗೆ, ಮೂರನೆಯದು ಎರಡನೆಯದಕ್ಕೆ. ದಪ್ಪ ಕಲ್ಲು ತಳಕ್ಕೆ, ಸಣ್ಣ ಚೂರು ಅದರ ಮೇಲೆ, ಸಂದು ಮುಚ್ಚುವ ಗರಸು ಅದರ ಮೇಲೆ, ಕೊನೆಗೆ ಎರೆ. ಗರಸಿನ ಪದರವಿಲ್ಲದೆ ಎರೆ ಹಾಸಿದರೆ ಎರಡು ಮಳೆಗಾಲದಲ್ಲಿ ಮಣ್ಣು ಕಲ್ಲಿನ ಸಂದಿಗೆ ಇಳಿದುಹೋಗುತ್ತದೆ. ಎರೆಯನ್ನು ಮೊದಲ ದಿನವೇ ಬೇರೆ ತೆಗೆದು, ತಗ್ಗಾಗಿ ರಾಶಿ ಮಾಡಿ, ಮೇಲೆ ಹುಲ್ಲು ಬಿತ್ತಿ ಉಳಿಸಿರಬೇಕು. ಒಡಕಲಿನ ಅಡಿಗೆ ಹೂತುಹೋದ ಎರೆ ಸತ್ತ ಮಣ್ಣು.

ಈ ಮಾತಿನಲ್ಲಿ ನನ್ನ ಮನೆಯ ನೋವೂ ಇದೆ. ನಮ್ಮ ಚಿಕ್ಕಪ್ಪನ ನಾಲ್ಕು ಎಕರೆ ಎರೆ ಹೊಲವನ್ನು ಒಬ್ಬ ಗುತ್ತಿಗೆದಾರರು ಕಲ್ಲಿಗೆಂದು ಪಡೆದರು. ಎರಡು ಎಕರೆ ಅಗೆದರು. ಉಳಿದ ಎರಡು ಎಕರೆಯ ಮೇಲೆ ಒಡಕಲು ಸುರಿದರು, ಎರೆಯನ್ನು ಬೇರೆ ತೆಗೆಯಲೇ ಇಲ್ಲ. ಐದು ವರ್ಷದ ಬಾಡಿಗೆ ಬಂತು. ಆಮೇಲೆ ಹೊಲವೂ ಇಲ್ಲ, ಕಲ್ಲೂ ಇಲ್ಲ. ಚಿಕ್ಕಪ್ಪ ಸಾಯುವವರೆಗೂ ಅದನ್ನು "ನಮ್ಮ ಹೊಲ" ಎಂದೇ ಕರೆಯುತ್ತಿದ್ದರು. ಎರೆಯನ್ನು ಬೇರೆ ತೆಗೆದಿಡಬೇಕೆಂದು ಕರಾರಿನಲ್ಲಿ ಒಂದು ಸಾಲು ಬರೆಸಿದ್ದರೆ ಸಾಕಿತ್ತು. ನಾನು ಆಗ ಭೂವಿಜ್ಞಾನ ಓದುತ್ತಿದ್ದೆ. ಆ ಸಾಲು ಬರೆಸಬೇಕೆಂದು ನನಗೂ ಹೊಳೆಯಲಿಲ್ಲ.

ಕಾನೂನು ಇಲ್ಲವೇ ಎಂದು ಕೇಳುತ್ತೀರಿ. ಇದೆ, ಆದರೆ ದೊಡ್ಡ ಖಣಿಗೆ ಒಂದು ಅಳತೆ, ಸಣ್ಣ ಖಣಿಗೆ ಇನ್ನೊಂದು. ಸಿಮೆಂಟಿನ ಸುಣ್ಣಗಲ್ಲು ಪ್ರಧಾನ ಖನಿಜ, ಅದನ್ನು ನೋಡಿಕೊಳ್ಳುವುದು ಭಾರತೀಯ ಗಣಿ ಬ್ಯೂರೊ. 2003ರಿಂದ ಅಂಥ ಪ್ರತಿ ಗಣಿಗೂ ಮುಚ್ಚುವ ಯೋಜನೆ ಕಡ್ಡಾಯ. ಗಣಿ ನಡೆಯುವಾಗಲೇ ಹಂತಹಂತವಾಗಿ ಮುಚ್ಚುವುದು ಒಂದು, ಕೊನೆಯ ಮುಚ್ಚುಗೆಯ ಯೋಜನೆಯನ್ನು ಎರಡು ವರ್ಷ ಮೊದಲೇ ಸಲ್ಲಿಸುವುದು ಇನ್ನೊಂದು. ಜೊತೆಗೆ ಠೇವಣಿಯಂಥ ಹಣಕಾಸಿನ ಖಾತರಿ. ಬಳಸಿದ ಪ್ರತಿ ಹೆಕ್ಟೇರಿಗೆ ದೊಡ್ಡ ಗಣಿಗಳಿಗೆ 3 ಲಕ್ಷ, ಸಣ್ಣವಕ್ಕೆ 2 ಲಕ್ಷ ರೂಪಾಯಿ ಇದ್ದದ್ದು 2021ರಲ್ಲಿ 5 ಮತ್ತು 3 ಲಕ್ಷಕ್ಕೆ ಏರಿತು. ಒಂದು ಹೆಕ್ಟೇರ್ ಆಳದ ಗುಂಡಿಯನ್ನು ಸುರಕ್ಷಿತ ಕೆರೆಯಾಗಿ ಮಾಡಲು 5 ಲಕ್ಷ ಸಾಕೇ? ಸಾಲದು ಎಂದು ನಾನು ಹೇಳುತ್ತೇನೆ. ಕಂಪನಿ ಗಟ್ಟಿಯಾಗಿರುವಾಗ ಕೊರತೆಯನ್ನು ಅದೇ ತುಂಬಬಹುದು, ಕಂಪನಿ ಮುಳುಗಿದಾಗ ತುಂಬುವವರು ಇರುವುದಿಲ್ಲ. ಸೇಡಂ ತಾಲ್ಲೂಕಿನ ಕುರಕುಂಟಾದ ಸರಕಾರಿ ಸಿಮೆಂಟ್ ಕಾರ್ಖಾನೆ 1990ರ ದಶಕದ ಕೊನೆಯಲ್ಲಿ ನಿಂತದ್ದು ನಿಮಗೆಲ್ಲ ನೆನಪಿದೆ. ಕಾರ್ಖಾನೆಗಳು ತಮ್ಮ ಯೋಜನೆಯ ಪ್ರಕಾರ ನಿಲ್ಲುವುದಿಲ್ಲ, ಮಾರುಕಟ್ಟೆ ನಿಲ್ಲಿಸಿದಾಗ ನಿಲ್ಲುತ್ತವೆ. ಹಾಗಾಗಿ ಖಣಿಗೆ ತಾಳಿಕೆ ಇರಬೇಕು ಎಂದರೆ ನನ್ನ ಅರ್ಥ ಇಷ್ಟು. ನಾಳೆಯೇ ಕೆಲಸ ನಿಂತರೂ ಇವತ್ತಿನ ಖಣಿ ಯಾರಿಗೂ ಅಪಾಯವಾಗದ ಸ್ಥಿತಿಯಲ್ಲಿ ಇರಬೇಕು.

2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಸೇರಿಸಿತು. ಗಣಿ ಮುಗಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು, ದನಕರುಗಳಿಗೆ ಮೇವಾಗಬೇಕು, ಇದನ್ನು ಗುತ್ತಿಗೆಯ ಷರತ್ತಿನಲ್ಲೇ ಸೇರಿಸಿ ಎಂದು ಸರಕಾರಕ್ಕೆ ಹೇಳಿತು. ಹುಲ್ಲು ಎಂಬ ಪದ ನ್ಯಾಯಾಲಯದ ಆದೇಶದಲ್ಲಿ ಬಂದದ್ದು ನನಗೆ ಬಹಳ ಹಿಡಿಸಿತು. ಗಣಿಯ ಯೋಜನೆಗಳಲ್ಲಿ ಸಾಮಾನ್ಯವಾಗಿ ಬರುವುದು 'ಹಸಿರು ಪಟ್ಟಿ'. ಹಸಿರು ಪಟ್ಟಿಯನ್ನು ಎಮ್ಮೆ ತಿನ್ನುವುದಿಲ್ಲ.

ಪರಸಿ ಕಲ್ಲು ಮಾತ್ರ ಉಪಖನಿಜ. ಅದು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ 1994ರ ನಿಯಮಗಳಡಿ ಬರುತ್ತದೆ. ಒಂದೆರಡು ಎಕರೆಯ ಗುತ್ತಿಗೆದಾರನಿಗೆ ಪಟ್ಟಿ ಪಟ್ಟಿ ಅಗೆಯಲು ಜಾಗವೇ ಇಲ್ಲ. ಅವನ ಒಡಕಲು ಪಕ್ಕದವನ ಅಂಚಿಗೆ, ಪಕ್ಕದವನದು ಅವನ ಅಂಚಿಗೆ ಬೀಳುತ್ತದೆ. ಕೆಳಗೆ ಇನ್ನೂ ಒಳ್ಳೆಯ ಪದರ ಇರಬಹುದು, ಈಗಲೇ ತುಂಬಿದರೆ ಅದು ಕೈತಪ್ಪುತ್ತದೆ ಎಂಬ ಆಸೆಯೂ ಇರುತ್ತದೆ. ಆ ಆಸೆ ತಪ್ಪಲ್ಲ, ಅದು ಅವನ ಹೊಟ್ಟೆಪಾಡು. ಹಾಗಾಗಿ ಒಬ್ಬೊಬ್ಬನನ್ನೂ ಹಿಡಿದು ದಂಡ ಹಾಕಿದರೆ ಗುಂಡಿ ಮುಚ್ಚುವುದಿಲ್ಲ. ದಾರಿ ಕಾನೂನಿನಲ್ಲೇ ಒಂದಿದೆ. 2012ರ ಫೆಬ್ರುವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5 ಹೆಕ್ಟೇರಿಗಿಂತ ಸಣ್ಣ ಖಣಿಗಳಿಗೂ ಪರಿಸರ ಅನುಮತಿ ಬೇಕೆಂದಿತು. 2016ರ ಜನವರಿಯ ಕೇಂದ್ರದ ಅಧಿಸೂಚನೆ, 500 ಮೀಟರ್ ಒಳಗೆ ಇರುವ ಸಣ್ಣ ಗುತ್ತಿಗೆಗಳನ್ನು ಒಂದು ಗುಂಪಾಗಿ ಕಾಣಲು ಅವಕಾಶ ಕೊಟ್ಟಿತು. ಇದುವರೆಗೆ ಅನುಮತಿ ಪಡೆಯುವಾಗ ಗುಂಪಿನ ಮಾತು ಬರುತ್ತದೆ, ಮುಚ್ಚುವಾಗ ಬರುವುದಿಲ್ಲ. ಮುಚ್ಚುವುದನ್ನೂ ಗುಂಪಾಗಿ ಮಾಡೋಣ. ಹತ್ತು ಗುತ್ತಿಗೆಗಳಿಗೆ ಒಂದೇ ನಕ್ಷೆ, ಒಂದೇ ಒಡಕಲು ದಾರಿ. ಕಲ್ಲು ಮುಗಿದ ಮೊದಲ ಗುಂಡಿ ಹತ್ತೂ ಜನರ ಒಡಕಲಿಗೆ. ಗುತ್ತಿಗೆಯ ಗಡಿಕಲ್ಲುಗಳ ನಡುವೆ ಉಳಿದ ಬಂಡೆಯ ಗೋಡೆಯನ್ನೂ ಆಗ ತೆಗೆಯಬಹುದು, ಅದರಿಂದ ಬರುವ ಪರಸಿಯೇ ಮುಚ್ಚುವ ಖರ್ಚಿನ ಒಂದು ಪಾಲನ್ನು ಕೊಡುತ್ತದೆ. ಉಳಿದ ಖರ್ಚಿಗೆ 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. ಕುಡಿಯುವ ನೀರು, ಪರಿಸರ ರಕ್ಷಣೆ ಅದರ ಆದ್ಯತೆಯ ಪಟ್ಟಿಯಲ್ಲೇ ಇವೆ. ಹಳೆಯ ಗುಂಡಿ ಮುಚ್ಚುವುದು ಪರಿಸರ ರಕ್ಷಣೆ ಅಲ್ಲದೆ ಮತ್ತೇನು?

ಪಾಲಿಶ್ ಕೆಸರಿನ ಬಗ್ಗೆ ಎರಡು ಮಾತು. ಅದು ವಿಷವಲ್ಲ, ನುಣ್ಣಗೆ ಅರೆದ ಸುಣ್ಣಗಲ್ಲು. ಆದರೆ ಹಳ್ಳದ ದಂಡೆಗೆ ಸುರಿದರೆ ಒಣಗಿ ಸಿಮೆಂಟಿನಂಥ ಹೆಪ್ಪಾಗಿ ನೀರು ಇಂಗದಂತೆ ಮಾಡುತ್ತದೆ, ಬೇಸಿಗೆಯಲ್ಲಿ ಪುಡಿಯಾಗಿ ಏಳುತ್ತದೆ, ಮಳೆಗೆ ಮತ್ತೆ ಹಳ್ಳಕ್ಕೆ ಇಳಿಯುತ್ತದೆ. ಹೊಲಕ್ಕೆ ಹಾಕಿ ಎನ್ನುವವರಿದ್ದಾರೆ. ಮಲೆನಾಡಿನ ಹುಳಿ ಮಣ್ಣಿಗೆ ಸುಣ್ಣ ಬೇಕು, ನಮ್ಮ ಎರೆಯಲ್ಲಿ ಸುಣ್ಣ ಮೊದಲೇ ಇದೆ, ತೊಗರಿಗೆ ಅದರಿಂದ ಏನೂ ಸಿಗದು. ಒಡಕಲಿನ ಜೊತೆ ಗುಂಡಿಗೆ ಸುರಿಯುವುದೂ ತಪ್ಪು. ಕಲ್ಲಿನ ನಡುವೆ ಕೆಸರಿನ ಪದರ ಕೂತರೆ ನೀರು ಅಲ್ಲಿ ತಡೆದು ನಿಲ್ಲುತ್ತದೆ, ಮೇಲಿನ ನೆಲ ಜಗ್ಗುತ್ತದೆ. ನಾನು ಆಗಲೇ ಹೇಳಿದ ಟೇಲಿಂಗ್ಸಿನ ರೋಗವೇ ಸಣ್ಣ ರೂಪದಲ್ಲಿ ನಮ್ಮ ಮನೆಗೆ ಬಂದಂತೆ. ಅದಕ್ಕೆ ಸರಿಯಾದ ಜಾಗ ಹತ್ತಿರದ ಸಿಮೆಂಟಿನ ಕಾರ್ಖಾನೆ. ಇಡೀ ದೇಶದಲ್ಲಿ ಪಾಲಿಶ್ ಯಂತ್ರಗಳೂ ಸಿಮೆಂಟಿನ ಗೂಡುಗಳೂ ಇಷ್ಟು ಹತ್ತಿರ ಇರುವ ಸೀಮೆ ಕಡಿಮೆ. ಒಣಗಿಸಿ, ಪರೀಕ್ಷಿಸಿ, ಕಚ್ಚಾ ಮಿಶ್ರಣಕ್ಕೆ ಸೇರಿಸಬಹುದು. 2023ರಲ್ಲಿ ಭಾರತೀಯ ಮಾನಕ ಬ್ಯೂರೊ ಐ.ಎಸ್. 18189 ಎಂಬ ಹೊಸ ಮಾನದಂಡ ತಂದಿದೆ. ಸುಟ್ಟ ಜೇಡಿ, ಸುಣ್ಣಗಲ್ಲಿನ ಪುಡಿ ಬೆರೆಸಿದ ಸಿಮೆಂಟಿಗೆ ಅದು ಅನ್ವಯಿಸುತ್ತದೆ. ಅದರಲ್ಲಿ ಗೂಡಿಗೆ ಯೋಗ್ಯವಲ್ಲದ ಸುಣ್ಣಗಲ್ಲಿಗೂ ಜಾಗವಿದೆ. ನಡುವೆ ಬೇಕಾದದ್ದು ಕೆಸರು ಕೂರಿಸುವ ಸಾಮೂಹಿಕ ಹೊಂಡ, ಒಣಗಿಸುವ ಕಟ್ಟೆ, ಒಂದು ಲಾರಿ.

ಕೊನೆಗೆ ಎಲ್ಲವೂ ಹೋಗಿ ಸೇರುವುದು ಕಾಗಿಣೆಯನ್ನು. ವಿಕಾರಾಬಾದ ಕಡೆಯ ಗುಡ್ಡಗಳಲ್ಲಿ ಹುಟ್ಟಿ, ನಮ್ಮದೇ ಕಲ್ಲಿನ ತಾಂಡೂರನ್ನು ಹಾದು, ಸೇಡಂ ತಾಲ್ಲೂಕಿಗೆ ಇಳಿದು, ಮಳಖೇಡದ ಕೋಟೆಯನ್ನು ಬಳಸಿ, ಶಹಾಬಾದದ ಹತ್ತಿರ ಹೊನಗುಂಟಾದ ಬಳಿ ಭೀಮೆಯನ್ನು ಕೂಡುತ್ತದೆ. ಚಿಂಚೋಳಿಯ ಕಡೆಯಿಂದ ಮುಲ್ಲಾಮಾರಿ ಬಂದು ಅದಕ್ಕೆ ಸೇರುತ್ತದೆ. ಹೀಗೆ ನಮ್ಮ ಸೀಮೆಯ ಊರುಗಳ ಖಣಿಗಳಿಗೆಲ್ಲ ಕೆಳಗೆ ಹರಿಯುವ ಹೊಳೆ ಒಂದೇ. 2020ರ ಅಕ್ಟೋಬರಿನಲ್ಲಿ ಕಾಗಿಣೆ ಉಕ್ಕಿ ಮಳಖೇಡದ ಸೇತುವೆ ಮುಳುಗಿದ್ದನ್ನು, ಜಯತೀರ್ಥರ ಬೃಂದಾವನದ ಮಠಕ್ಕೆ ನೀರು ನುಗ್ಗಿದ್ದನ್ನು ನೋಡಿದ್ದೇವೆ. ಆ ಪ್ರವಾಹ ಮಳೆಯದು, ಖಣಿಯ ತಲೆಗೆ ಅದನ್ನು ಕಟ್ಟಲಾರೆ. ಆದರೆ ಅಂಥ ಮಳೆ ಮತ್ತೆ ಬರುತ್ತದೆ ಎಂದು ತಿಳಿದ ಮೇಲೆ, ಎಷ್ಟು ರಾಶಿ ಹಳ್ಳದ ಅಂಚಿನಲ್ಲಿದೆ, ಯಾವ ನಾಲೆಯ ಬಾಯಿಗೆ ಒಡಕಲು ಬಿದ್ದಿದೆ ಎಂದು ಎಣಿಸದೆ ಕೂರುವುದು ನಮ್ಮ ತಪ್ಪಾಗುತ್ತದೆ. ತಾಲ್ಲೂಕಿಗೊಂದು ಮುಚ್ಚುವ ಯೋಜನೆ ಬೇಡ, ಕಾಗಿಣೆಗೆ ಒಂದು ಬೇಕು.

ಈ ಸಭೆಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರು ಅನೇಕರಿದ್ದೀರಿ. ಹೊಸ ಗಣಿಗೆ ಸಾರ್ವಜನಿಕ ಅಹವಾಲು ಸಭೆ ನಡೆದಾಗ ಯೋಜನೆಯ ಸಾರಾಂಶವನ್ನು ಕನ್ನಡದಲ್ಲಿ ಕೊಡಬೇಕೆಂದು 2006ರ ಅಧಿಸೂಚನೆ ಹೇಳುತ್ತದೆ, ಕೇಳಿ ಪಡೆಯಿರಿ. ಕೆಲಸ ಎಷ್ಟು ಜನಕ್ಕೆ ಎಂದು ನೀವು ಕೇಳಿಯೇ ಕೇಳುತ್ತೀರಿ, ಕೇಳಲೇಬೇಕು. ಅದರ ಜೊತೆಗೆ ಎರೆ ಮಣ್ಣನ್ನು ಎಲ್ಲಿ ಇಡುತ್ತೀರಿ, ಮಳೆನೀರನ್ನು ಯಾವ ಹಳ್ಳಕ್ಕೆ ಬಿಡುತ್ತೀರಿ, ಕಲ್ಲು ಮುಗಿದ ಮರುದಿನ ಈ ಗುಂಡಿ ಯಾರ ಹೆಸರಿನಲ್ಲಿ ಇರುತ್ತದೆ ಎಂದೂ ಕೇಳಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಒಂದು ಪ್ರತಿಯನ್ನು ಪಂಚಾಯಿತಿ ಕಚೇರಿಯಲ್ಲಿ ಇಟ್ಟುಕೊಳ್ಳಿ. ಹೊಲ ಕೊಡುವ ರೈತ ಬಂಧುಗಳೇ, ಕರಾರಿಗೆ ಸಹಿ ಮಾಡುವ ಮುಂಚೆ ನಮ್ಮ ಚಿಕ್ಕಪ್ಪ ಬರೆಸದೆ ಬಿಟ್ಟ ಆ ಒಂದು ಸಾಲನ್ನು ದಯವಿಟ್ಟು ಬರೆಸಿರಿ.